ರಿವರ್ಸ್ ಬತ್ತದಾ?

ಶನಿವಾರ ಬೆಳಗ್ಗೆ ಕೊಳ್ಳೇಗಾಲದಲ್ಲಿ ಹನೂರು ರಸ್ತೆಯ ಕಡೆ ಟೀ ಕುಡಿಯಲು ನಿಂತರೆ ಪುಕ್ಕಟೆ ಮೆರವಣಿಗೆ ನೋಡಬಹುದು. ಬೆಂಗಳೂರು ನಂಬರಿನ ಥಾರ್, ಜಿಮ್ನಿ, ಗೂರ್ಖಾಗಳು ಒಂದರ ಹಿಂದೆ ಒಂದು ಬೆಟ್ಟದ ದಾರಿ ಹಿಡಿಯುತ್ತವೆ. ನೆತ್ತಿಯ ಮೇಲೆ ಮಡಚಿದ ಟೆಂಟು, ಬೆನ್ನಿಗೆ ಡೀಸೆಲ್ ಕ್ಯಾನು, ಮೂತಿಗೆ ವಿಂಚು, ಕಿವಿಯ ಪಕ್ಕ ಆನೆ ಸೊಂಡಿಲೆತ್ತಿದ ಹಾಗೆ ಸ್ನಾರ್ಕೆಲ್ಲು. ಪಕ್ಕದಲ್ಲೇ ಕೆಎಸ್ಸಾರ್ಟಿಸಿ ಬಸ್ಸು, ಅದರೊಳಗೆ ಸೀಟು ಸಿಗದೆ ಕಂಬಿ ಹಿಡಿದು ನಿಂತ ಅಜ್ಜಿ. ಎಲ್ಲರೂ ಹೋಗುವುದು ಅದೇ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ ಬೆಟ್ಟಕ್ಕೆ. ಅಜ್ಜಿಯ ಸಾಮಾನು ಒಂದು ಬ್ಯಾಗು, ಅದರಲ್ಲೊಂದು ತೆಂಗಿನಕಾಯಿ.

ಅಂಥ ಗಾಡಿಯೊಂದು ಮೊನ್ನೆ ನಮ್ಮ ಬೀದಿಗೇ ಬಂತು. ಎದುರು ಮನೆಯವರ ಅಳಿಯಂದಿರದು. ಗಾಡಿಯ ಬೆಲೆ ಎಷ್ಟು ಅಂತ ಅವರು ಹೇಳಲಿಲ್ಲ. ಗಾಡಿಗೆ ಹಾಕಿಸಿದ ಸಾಮಾನಿನ ಬೆಲೆ ಮಾತ್ರ ಒಂದೊಂದಾಗಿ ಬಿಡಿಸಿ ಹೇಳಿದರು. ಜಗಲಿ ಮೇಲೆ ಕೂತಿದ್ದ ಮಾವನವರು ಒಂದೊಂದು ಬೆಲೆಗೂ ಒಂದೊಂದು ಸಲ ಕೆಮ್ಮಿದರು. ವಿಂಚಿನ ಬೆಲೆ ಕೇಳಿ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು.

ನಮ್ಮ ಬೇಲಿಯಾಚೆ ಡ್ರೈವರಣ್ಣ ಇದ್ದಾರಲ್ಲ, ಬೆಟ್ಟದ ಕಡೆ ಜೀಪು ಓಡಿಸಿ ಓಡಿಸಿ ಸೊಂಟ ಸವೆಸಿಕೊಂಡು ಈಗ ಮಗಳ ಮನೆಯಲ್ಲಿ ಹೂವಿನ ಗಿಡಕ್ಕೆ ನೀರು ಹಾಕಿಕೊಂಡಿರುವವರು, ಅವರೂ ಬೀಡಿ ಆರಿಸಿ ಬಂದು ಬೇಲಿಗೊರಗಿ ನಿಂತರು. ಮೇಲಿನ ಟೆಂಟಾಗಲಿ, ಕಣ್ಣು ಕುಕ್ಕುವ ದೀಪದ ಪಟ್ಟಿಯಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ನೆಲಕ್ಕೆ ಬಗ್ಗಿ ಗಾಡಿಯ ಹೊಟ್ಟೆಯಡಿ ಒಂದು ಸಲ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ, “ಮೇಷ್ಟ್ರೇ, ಅಳಿಯಂದ್ರಿಗೆ ರಿವರ್ಸ್ ಬತ್ತದಾ?” ಅಂದರು.

ಇದೆಂಥ ಪ್ರಶ್ನೆ ಅಂತ ನಕ್ಕೆ. ಅವರು ನಗಲಿಲ್ಲ. “ನೋಡಿ, ಹಾಕ್ಸಿರೋ ಸಾಮಾನೆಲ್ಲ ಮುಂದ್ಕೆ ಹೋಗಾಕೆ. ಮುಂದ್ಕೆ ದಡ್ಡನೂ ಹೋಯ್ತಾನೆ. ನಮ್ ಬೆಟ್ಟದಲ್ಲಿ ಬದುಕ್ಕೊಂಡು ಬರೋನು ಹಿಂದ್ಕೆ ಬರಾಕೆ ಗೊತ್ತಿರೋನು ಕಣಿ” ಅಂದರು.

ಅವರ ತರ್ಕ ಹೀಗೆ. ತೇಕಾಣೆ, ಇಂಡಿಗನತ್ತ, ತುಳಸಿಕೆರೆಯ ಕಡೆಯ ದಾರಿಗಳು ಒಂದು ಜೀಪಿನಗಲ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಕೊರಕಲು. ಎದುರಿಗೆ ಇನ್ನೊಂದು ಜೀಪು ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಲೇಬೇಕು. ರಸ್ತೆ ನಿಯಮದ ಪ್ರಕಾರ ಏರು ಹತ್ತುವವನಿಗೆ ಮೊದಲ ಹಕ್ಕು. ಕಾಡುದಾರಿಯಲ್ಲಿ ಅಗಲ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಸರಿಯುವುದು ಮರ್ಯಾದೆ. ಎದುರಿಗೆ ಬಂದದ್ದು ಆನೆಯಾದರೆ ಈ ಹಕ್ಕಿನ ಮಾತೇ ಇಲ್ಲ. ಹಾರನ್ ಹೊಡೆಯದೆ, ಇಂಜಿನ್ ಆಫ್ ಮಾಡದೆ, ಸದ್ದಿಲ್ಲದೆ ಹಿಂದಕ್ಕೆ. “ಆನೆ ಮುಂದೆ ಗಾಡಿ ತಿರುಗ್ಸಾಕೆ ಹೋದ್ರೆ ಅದಕ್ಕೆ ನಮ್ ಮಗ್ಗುಲು ತೋರಿಸ್ದಂಗೆ” ಅಂದರು.

ಅದಕ್ಕಿಂತ ಕಷ್ಟದ್ದು ಏರು. ಅರ್ಧ ಏರಿನಲ್ಲಿ ಚಕ್ರ ಜಾರಿ ಗಾಡಿ ನಿಂತಿತು ಅನ್ನಿ. ಹೊಸಬನಾದವನು ಗಾಬರಿಯಲ್ಲಿ ಕ್ಲಚ್ ಒತ್ತುತ್ತಾನೆ. ಗಾಡಿ ಗೇರಿನ ಹಿಡಿತ ಬಿಟ್ಟು ಹಿಂದಕ್ಕೆ ಓಡುತ್ತದೆ. ಇಲ್ಲವೇ ಸ್ಟೇರಿಂಗ್ ತಿರುಗಿಸಿ ಅಲ್ಲೇ ವಾಪಸಾಗಲು ನೋಡುತ್ತಾನೆ. ಅಡ್ಡ ನಿಂತ ಗಾಡಿ ಮಗುಚಿ ಉರುಳುತ್ತದೆ. ಬಲ್ಲವನು ಬ್ರೇಕ್ ಒತ್ತಿ ಹಿಡಿದು, ನಾಲ್ಕೂ ಗಾಲಿಗೆ ಬಲ ಕೊಡುವ ಫೋರ್ ಲೋದಲ್ಲಿ ರಿವರ್ಸ್ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಹತ್ತಿದ ಗಾಲಿಯ ಗುರುತಿನ ಮೇಲೇ ನೆಟ್ಟಗೆ ಇಳಿಯುತ್ತಾನೆ. ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. “ನಮ್ ಜೀಪ್ಗೆ ಹ್ಯಾಂಡ್ ಬ್ರೇಕ್ ಅನ್ನೋದು ಇತ್ತು ಅಷ್ಟೇ, ಹಿಡೀತಿರ್ಲಿಲ್ಲ. ಕ್ಲೀನರ್ ಹೈದ ನೆಗೆದು ಹಿಂದಿನ ಗಾಲಿಗೆ ಕಲ್ಲು ಕೊಡೋನು. ಕಲ್ಲು ಕೊಡೋ ಹೈದ ಚುರುಕಾಗಿದ್ರೆ ಡ್ರೈವರ್‌ಗೆ ಒಳ್ಳೆ ಹೆಸ್ರು.”

ಅಳಿಯಂದಿರಿಗೆ ಮಾತು ಕೇಳಿಸಿತು. ಹತ್ತಿರ ಬಂದು, “ಅಣ್ಣಾ, ನೀವು ಗಾಡಿ ಹೇಗೆ ರೆಡಿ ಮಾಡ್ಕೋತಿದ್ರಿ?” ಅಂದರು. ಪುಣ್ಯಾತ್ಮ ಕೇಳಬಾರದಿತ್ತು. ಡ್ರೈವರಣ್ಣ ಬೇಲಿ ದಾಟಿಯೇ ಬಂದುಬಿಟ್ಟರು.

ಅವರ ಸಿದ್ಧತೆ ರಾತ್ರಿಯೇ ಶುರುವಾಗುತ್ತಿತ್ತಂತೆ. ಜೀಪು ನಿಂತ ಕಡೆ ನೆಲದ ಮೇಲೆ ಒಂದು ರಟ್ಟಿನ ಹಾಳೆ ಹಾಸುವುದು. ಬೆಳಗ್ಗೆ ಅದರ ಮೇಲೆ ಎಣ್ಣೆಯ ತೊಟ್ಟು ಎಲ್ಲಿ ಬಿದ್ದಿದೆ ನೋಡಿದರೆ ಯಾವ ಸೀಲು ಸೋರುತ್ತಿದೆ ಅಂತ ತಿಳಿಯುತ್ತದೆ. ಆಮೇಲೆ ಪಾನಾ ಹಿಡಿದು ಒಂದೊಂದು ನಟ್ಟಿಗೂ ಕೈ ಹಾಕುವುದು. ಕಲ್ಲುದಾರಿಯಲ್ಲಿ ಹೋಗಿಬಂದ ಗಾಡಿಯ ನಟ್ಟು ತಾನಾಗಿ ಸಡಿಲವಾಗುತ್ತದೆ. ಕಮಾನುಪಟ್ಟಿಯ ಮೇಲೆ ಬೆರಳಾಡಿಸುವುದು. ಸೀಳು ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಸಿಗುತ್ತದೆ. ರೇಡಿಯೇಟರ್ ಪೈಪು ಹಿಸುಕಿ ನೋಡುವುದು. ಸೀಟಿನಡಿ ಒಂದು ಫ್ಯಾನ್ ಬೆಲ್ಟು, ಕ್ಲಚ್ ಕೇಬಲ್ಲು, ಕಟ್ಟುತಂತಿ, ಹಳೇ ಟ್ಯೂಬಿನ ಚೂರು. ಜಾಕಿಯ ಜೊತೆಗೆ ಒಂದಡಿ ಅಗಲದ ಹಲಗೆ. ಹಲಗೆಯಿಲ್ಲದೆ ಮಣ್ಣಿನಲ್ಲಿ ಜಾಕಿ ಏರಿಸಿದರೆ ಗಾಡಿ ಮೇಲೆ ಬರುವ ಬದಲು ಜಾಕಿಯೇ ನೆಲದೊಳಗೆ ಇಳಿಯುತ್ತದೆ. ಎರಡು ಕ್ಯಾನು ನೀರು. ಒಂದು ರೇಡಿಯೇಟರಿಗೆ, ಒಂದು ಮನುಷ್ಯರಿಗೆ, ಯಾವುದು ಯಾವುದೆಂದು ಕ್ಲೀನರಿಗೆ ಮಾತ್ರ ಗೊತ್ತು.

ಅಳಿಯಂದಿರ ಸಾಮಾನಿನಲ್ಲಿ ಅವರು ಮೆಚ್ಚಿದ್ದು ಎರಡೇ. ಗಾಳಿ ತುಂಬುವ ಪುಟ್ಟ ಕಂಪ್ರೆಸರ್ ಮತ್ತು ಚಾಸಿಗೆ ಸೇರಿಸಿ ಹಾಕಿಸಿದ ಗಟ್ಟಿ ಕೊಂಡಿ. ಟಾರಿನ ಮೇಲೆ 30 ಪಾಯಿಂಟಿನ ಆಸುಪಾಸಿರುವ ಗಾಳಿಯನ್ನು ಮರಳು, ಕೆಸರಿನಲ್ಲಿ 20ರ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ಮತ್ತೆ ಟಾರಿಗೆ ಬಂದಾಗ ತುಂಬಿಕೊಳ್ಳಲೇಬೇಕು. ಅದಕ್ಕೆ ಕಂಪ್ರೆಸರ್. ಸಿಕ್ಕಿಕೊಂಡ ಗಾಡಿಯ ಬಂಪರಿಗೆ ಹಗ್ಗ ಕಟ್ಟಿ ಎಳೆದರೆ ಬಂಪರು ಮಾತ್ರ ಬರುತ್ತದೆ. ಅದಕ್ಕೆ ಕೊಂಡಿ. ಮುಂದಿನ ಕಬ್ಬಿಣದ ಬುಲ್‌ಬಾರ್ ನೋಡಿ, “ಇದ್ಯಾಕೆ, ಯಾರ್ಗೆ ಗುದ್ದಾಕೆ?” ಅಂದರು. ನಾನೂ ನನ್ನ ಪೇಪರ್ ಜ್ಞಾನ ಸೇರಿಸಿದೆ. ಅಡ್ಡ ಬಂದ ಪಾದಚಾರಿಗೂ ಅಪಾಯ, ಒಳಗಿನ ಏರ್‌ಬ್ಯಾಗಿಗೂ ಅಡ್ಡಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇವುಗಳನ್ನು ಬೇಡ ಅಂದಿದೆ. ಅಳಿಯಂದಿರು ಕೆಮ್ಮಿದರು. ಈ ಸಲ ಮಾವ ಕೆಮ್ಮಲಿಲ್ಲ.

ಬೆಟ್ಟದ ದೊಡ್ಡ ರಸ್ತೆಗೂ ಡ್ರೈವರಣ್ಣನ ಪಾಠವಿತ್ತು. ತಾಳಬೆಟ್ಟದಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ಹತ್ತುವಾಗ ಎಲ್ಲರೂ ಹುಷಾರು, ದರ್ಶನ ಮುಗಿಸಿ ಲಾಡು ತಿಂದು ಇಳಿಯುವಾಗಲೇ ಎಡವಟ್ಟು. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ, ಬ್ರೇಕಿಗೆ ಕೆಲಸ ಕಡಿಮೆ ಕೊಡು. ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಗಾಡಿ ನಿಲ್ಲಿಸಿ ಆರಲು ಬಿಡು. ಪೆಡಲು ಮೆತ್ತಗಾದ ಮೇಲೆ ‘ಉಘೇ ಮಾದಪ್ಪ’ ಅಂದರೆ ಮಾದಪ್ಪ ಕೇಳಿಸಿಕೊಳ್ಳುತ್ತಾನೆ, ಬ್ರೇಕು ಕೇಳಿಸಿಕೊಳ್ಳುವುದಿಲ್ಲ. ಒಣ ಟಾರಿನ ಮೇಲೆ ಫೋರ್ ವ್ಹೀಲ್ ಹಾಕಿಕೊಂಡು ಮೆರೆಯಬೇಡ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು, ಎರಡನ್ನೂ ಬಿಗಿದು ಕಟ್ಟಿದರೆ ಗೇರುಪೆಟ್ಟಿಗೆ ಒಳಗೊಳಗೇ ಕಿತ್ತಾಡುತ್ತದೆ. “ಮಾದಪ್ಪ ಹುಲಿ ಮ್ಯಾಲೆ ಕುಂತವ್ನೆ. ಹುಲಿಗೆ ಗೇರಿಲ್ಲ, ರಿವರ್ಸ್ ಬ್ಯಾಡ. ನಾವ್ ಕುಂತಿರೋದು ಕಬ್ಬಿಣದ ಮ್ಯಾಲೆ” ಅಂತ ಮುಗಿಸಿದರು.

“ಟಾರ್ ರಸ್ತೆ ಬಿಡಿ ಅಣ್ಣ, ಒಳಗಿನ ಕಚ್ಚಾ ದಾರಿ ಯಾವುದು ಚೆನ್ನಾಗಿದೆ? ರಾತ್ರಿ ಟೆಂಟ್ ಹಾಕೋ ಹಾಗೆ?” ಅಳಿಯಂದಿರು ಫೋನು ತೆಗೆದು ನಕ್ಷೆ ಹಿಗ್ಗಿಸಿದರು. ಹಸಿರು ಬಣ್ಣ ಎಲ್ಲಿ ದಟ್ಟವಾಗಿದೆಯೋ ಅಲ್ಲೇ ಬೆರಳಿಟ್ಟರು.

ಇಲ್ಲಿ ನಾನು ಮೇಷ್ಟ್ರಾಗಲೇಬೇಕಾಯಿತು. ಆ ಹಸಿರೆಲ್ಲ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ, 906 ಚದರ ಕಿಲೋಮೀಟರು. ಯಳಂದೂರಿನ ಕಡೆಗೆ ಸರಿದರೆ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು, ಇತ್ತ ಕಾವೇರಿ ವನ್ಯಧಾಮ, ಗಡಿಯಾಚೆಗೆ ಸತ್ಯಮಂಗಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಗಾಡಿ ತಿರುಗಿಸುವಂತಿಲ್ಲ, ಟೆಂಟು, ಬೆಂಕಿಯ ಮಾತಂತೂ ದೂರವೇ ಉಳಿಯಿತು. ಕಾಡು ನೋಡಲು ರಾಜಮಾರ್ಗವೇ ಸಾಕು. ಪಾಲಾರ್ ದಾಟಿ ಗೋಪಿನಾಥಂ ಮೇಲೆ ಹೊಗೆನಕಲ್‌ಗೆ ಹೋಗಬಹುದು. ಇಲ್ಲವೇ ಟಿಬೆಟನ್ನರ ಒಡೆಯರಪಾಳ್ಯದಲ್ಲಿ ತಿಂಡಿ ತಿಂದು, ಗರಿಕೆಕಂಡಿ ಚೆಕ್‌ಪೋಸ್ಟ್ ದಾಟಿ, ಬರಗೂರು ಘಟ್ಟವಿಳಿದು ಅಂದಿಯೂರಿಗೆ ಹೋಗಬಹುದು. ರಾಜ್ಯ ಬದಲಾದರೂ ಬರಗೂರಿನ ಮೇಲೆ ಕನ್ನಡದಲ್ಲೇ ದಾರಿ ಕೇಳಬಹುದು.

ಗೋಪಿನಾಥಂ ಹೆಸರು ಬಂದದ್ದೇ ಡ್ರೈವರಣ್ಣ ಸ್ವಲ್ಪ ಹೊತ್ತು ಸುಮ್ಮನಾದರು. ಅದು ಕಾಡುಗಳ್ಳ ವೀರಪ್ಪನ್ ಹುಟ್ಟೂರು. ಆ ಊರಿಗೆ ಮಾರಿಗುಡಿ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಅವನ ಕೈಯಲ್ಲೇ ಸತ್ತರು. ಅವರು ಓಡಾಡಿದ ಜೀಪನ್ನು ಇಲಾಖೆ ದುರಸ್ತಿ ಮಾಡಿಸಿ ನೆನಪಿಗೆ ಇಟ್ಟುಕೊಂಡಿದೆ. “ಆಗಿನ್ ಕಾಲ್ದಲ್ಲಿ ಕತ್ಲಾದ್ ಮೇಲೆ ಜೀಪ್ ಸದ್ದು ಕೇಳುದ್ರೆ ಜನ ದೀಪ ಆರುಸ್ಕೊಳ್ಳೋರು. ಬಂದೋರು ಅವ್ರಾ ಇವ್ರಾ ಅಂತ ಯಾರ್ಗೆ ಗೊತ್ತು. ಎರಡೂ ಕಡೆಯೋರ್ಗೂ ನಾವೇ ಉತ್ತರ ಹೇಳ್ಬೇಕಾಗಿತ್ತು” ಅಂದರು. 2004ರಲ್ಲಿ ವೀರಪ್ಪನ್ ಕಥೆ ಮುಗಿದ ಮೇಲೆ ಜೀಪಿನ ಸದ್ದು ಮತ್ತೆ ಬರೀ ಜೀಪಿನ ಸದ್ದಾಯಿತು.

ಆ ಸದ್ದಿಗೆ ಕಾಯುವ ಜನ ಇವತ್ತಿಗೂ ಇದ್ದಾರೆ. ಕಾಡಿನೊಳಗಿನ ಊರುಗಳಲ್ಲಿ ಬಸುರಿಯನ್ನು, ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು. ಅರಣ್ಯ ಇಲಾಖೆ ‘ಜನ-ವನ ಸಾರಿಗೆ’ ಅಂತ ಗಾಡಿ ಬಿಟ್ಟದ್ದೂ ಇಂಥ ಊರುಗಳಿಗೇ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಇಂಡಿಗನತ್ತದವರು ಮೂಲಸೌಕರ್ಯ ಕೊಡಿ ಅಂತ ಮತದಾನವನ್ನೇ ಬಹಿಷ್ಕರಿಸಿದರು. ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು, 29ಕ್ಕೆ ಮರುಮತದಾನ ನಡೆಯಿತು. ಅದನ್ನು ನೆನೆಸಿಕೊಂಡು ಡ್ರೈವರಣ್ಣ ಅಳಿಯಂದಿರ ಫೋನನ್ನು ಬೆರಳಿಂದ ತಟ್ಟಿದರು. “ಬುದ್ಧಿ, ನೀವು ದುಡ್ಡು ಸುರಿದು ಹುಡುಕ್ಕೊಂಡು ಬರೋ ರಸ್ತೇನೇ ಬ್ಯಾಡ, ಬ್ಯಾರೆ ಹಾಕ್ಕೊಡಿ ಅಂತ ಆ ಜನ ಅರ್ಜಿ ಬರ್ದು ಬರ್ದು ಸುಸ್ತಾಗವ್ರೆ.”

ಅಳಿಯಂದಿರು ಒಳ್ಳೆಯವರು, ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಷೆ ಮುಚ್ಚಿಟ್ಟು, ಬೀಗದ ಕೈಯನ್ನು ಡ್ರೈವರಣ್ಣನ ಮುಂದೆ ಹಿಡಿದರು. “ಆಯ್ತು ಅಣ್ಣ, ಈ ಗಾಡಿ ಒಂದು ದಿನ ನಿಮಗೇ ಬಿಟ್ಟುಕೊಟ್ಟರೆ ಯಾವ ಕಾಡಿಗೆ ಹೊಡೀತೀರಿ?”

ಡ್ರೈವರಣ್ಣ ಕೈಯನ್ನು ಲುಂಗಿಗೆ ಒರೆಸಿಕೊಂಡು, ಸೀಟು ಮುಟ್ಟಿ ನೋಡಿದರು. “ಏಸಿ ಅದಾ?”

“ಇದೆ.”

“ಹಂಗಾರೆ ಮೈಸೂರ್-ಬೆಂಗಳೂರ್ ದೊಡ್ಡ ರೋಡ್ಗೆ ಹೋಯ್ತೀನಿ. ಒಂದ್ ಕಲ್ಲಿಲ್ಲ, ಒಂದ್ ಗುಂಡಿ ಇಲ್ಲ, ಎದುರ್ಗೆ ಒಬ್ನೂ ಬರಂಗಿಲ್ಲ. ರಿವರ್ಸೇ ಬ್ಯಾಡ!”