ಮೆಟ್ಟಿಲು ಎಂಬ ವಾಸ್ತುದೋಷ

ಬೆಂಗಳೂರಿನ ಟೌನ್‌ಹಾಲಿಗೆ ವಾಸ್ತುದೋಷವಿದೆ. ಈಶಾನ್ಯದಲ್ಲೂ ಅಲ್ಲ, ಆಗ್ನೇಯದಲ್ಲೂ ಅಲ್ಲ, ಮೆಟ್ಟಿಲಲ್ಲಿ. ಬೇಕಾದ್ದಕ್ಕಿಂತ ಅಗಲ, ಸಾಲದ್ದಕ್ಕೆ ರಸ್ತೆಗೇ ಮುಖ. ಅಲ್ಲಿ ನಿಂತವರು ಹೋಗಿಬರುವವರಿಗೆಲ್ಲ ಕಾಣಿಸುತ್ತಾರೆ, ಕೂಗಿದರೆ ಕೇಳಿಸುತ್ತಾರೆ. ಸಾರ್ವಜನಿಕರಿಗೆಂದು ಕಟ್ಟಡ ಕಟ್ಟುವಾಗ, ಸಾರ್ವಜನಿಕರು ನಿಜಕ್ಕೂ ಬಂದುಬಿಟ್ಟರೆ ಏನು ಗತಿ ಎಂದು ಯೋಚಿಸದಿದ್ದರೆ ಆಗುವುದು ಹೀಗೆಯೇ.

ತಪ್ಪು ಮಾಡಿದವರೇನೂ ಸಾಮಾನ್ಯರಲ್ಲ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಇಂಥದ್ದೊಂದು ಬೇಕೆಂದರು, ಲಕ್ಷ್ಮೀನರಸಪ್ಪನವರು ನಕ್ಷೆ ಬರೆದರು. 1933ರ ಮಾರ್ಚ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು; 1935ರ ಸೆಪ್ಟೆಂಬರ್ 11ಕ್ಕೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಾಗಿಲು ತೆರೆದರು. ಎರಡೂವರೆ ವರ್ಷ! ಈ ಅವಸರ ಯಾಕೆ ಬೇಕಿತ್ತೋ. 2017ರಲ್ಲಿ ಶುರುವಾದ ಈಜಿಪುರದ ಮೇಲ್ಸೇತುವೆಯನ್ನು ಕೇಳಿ, ತಾಳ್ಮೆ ಎಂದರೇನು ಎಂದು ಹೇಳುತ್ತದೆ.

ಕಟ್ಟಡಕ್ಕೆ ಇಟ್ಟಿದ್ದು ನಗರಸಭೆಯ ಅಧ್ಯಕ್ಷರಾಗಿದ್ದ ದಾನಿ ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿಯವರ ಹೆಸರನ್ನು. ನಗರಸಭೆಯಲ್ಲಿ ಕೂತವರೇ ತಮ್ಮ ಕೈಯಿಂದ ಊರಿಗೆ ದುಡ್ಡು ಕೊಡುತ್ತಿದ್ದ ವಿಚಿತ್ರ ಕಾಲ ಅದು. ಹರಿವಿನ ದಿಕ್ಕು ಆಮೇಲೆ ಯಾವಾಗ ಬದಲಾಯಿತು ಎಂಬುದನ್ನು ಜಲತಜ್ಞರು ಹೇಳಬೇಕು.

ಶೈಲಿ ಗ್ರೀಕ್-ರೋಮನ್. ಸಾಲುಗಂಬ, ಕಂಬಗಳ ಮೇಲೆ ತ್ರಿಕೋನದ ಹಣೆ, ಕೆಳಗೆ ಇಳಿದು ಬರುವ ಮೆಟ್ಟಿಲು. ಈ ಕಂಬಗಳ ಕುಲಮೂಲ ಹುಡುಕುತ್ತಾ ಹೋದರೆ ಅಥೆನ್ಸ್ ಸಿಗುತ್ತದೆ. ಅಲ್ಲಿ ಪೌರರು ಗುಡ್ಡದ ಮೇಲೆ ನೆರೆದು, ಕೈಯೆತ್ತಿ ಊರಿನ ವ್ಯವಹಾರ ತೀರ್ಮಾನಿಸುತ್ತಿದ್ದರು. ಹೆಂಗಸರಿಗೂ ಗುಲಾಮರಿಗೂ ಕೈಯೆತ್ತುವ ಹಕ್ಕಿರಲಿಲ್ಲ, ಆ ಮಾತು ಬೇರೆ. ನಾವು ಕಂಬ ತರಿಸಿಕೊಂಡೆವು. ಕೈಯೆತ್ತುವುದನ್ನು ಸುಂಕದಕಟ್ಟೆಯಲ್ಲೇ ತಡೆದರು.

ಮಿರ್ಜಾ ಸಾಹೇಬರಿಗೂ ಗುಂಪು ಕಂಡರೆ ಪ್ರೀತಿ ಉಕ್ಕುತ್ತಿತ್ತು ಎಂದೇನಲ್ಲ. ಅವರ ಕಾಲದಲ್ಲೇ, 1928ರಲ್ಲಿ, ಬೆಂಗಳೂರಿನ ಗಣಪತಿ ಗಲಭೆ ನಡೆದು ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂರಬೇಕಾಯಿತು. ಗುಂಪು ಏನು ಮಾಡಬಲ್ಲದು ಎಂದು ಚೆನ್ನಾಗಿ ಗೊತ್ತಿದ್ದ ದಿವಾನರು, ಅದಾಗಿ ಐದೇ ವರ್ಷಕ್ಕೆ, ಗುಂಪು ಕೂರಲು ಹೇಳಿ ಮಾಡಿಸಿದಂಥ ಮೆಟ್ಟಿಲಿಗೆ ಒಪ್ಪಿಗೆ ಕೊಟ್ಟರು. ರಾಜನ ಆಳ್ವಿಕೆಯಲ್ಲಿ ಇಂಥ ಎಡವಟ್ಟುಗಳು ನಡೆದುಹೋಗುತ್ತವೆ. ಪ್ರಜೆಗಳೇ ಆಳುವಾಗ ಎಚ್ಚರಿಕೆ ಬೇಕು.

ಸಭಾಂಗಣದ ಬಗ್ಗೆ ಯಾರದೂ ತಕರಾರಿಲ್ಲ. ಬಾಡಿಗೆ ಕಟ್ಟಿದರೆ ಸನ್ಮಾನ, ಭರತನಾಟ್ಯ, ಪುಸ್ತಕ ಬಿಡುಗಡೆ ಏನು ಬೇಕಾದರೂ ಮಾಡಿಕೊಳ್ಳಬಹುದು. ಅಧ್ಯಕ್ಷರು ಎರಡೇ ಮಾತು ಹೇಳುತ್ತೇನೆಂದು ಮುಕ್ಕಾಲು ಗಂಟೆ ಮಾತಾಡಬಹುದು. ಅದರಿಂದ ಯಾರ ನೆಮ್ಮದಿಗೂ ಭಂಗವಿಲ್ಲ, ನಿದ್ದೆಗಂತೂ ಇಲ್ಲವೇ ಇಲ್ಲ. ತೊಂದರೆ ಇದ್ದದ್ದು ಬಾಡಿಗೆ ಇಲ್ಲದ ಹೊರಭಾಗದಲ್ಲಿ. ಕಾರ್ಮಿಕರು, ದಲಿತ ಸಂಘಟನೆಗಳು, ಕನ್ನಡಪರ ಸಂಘಟನೆಗಳು, ವಿದ್ಯಾರ್ಥಿಗಳು, ಒಬ್ಬರ ಮುಖ ಒಬ್ಬರಿಗಾಗದವರೂ ಸರದಿಯಂತೆ ಬಂದು ಅದೇ ಕಲ್ಲಿನ ಮೇಲೆ ಕೂರುತ್ತಿದ್ದರು. 2017ರ ಜೂನ್‌ನಲ್ಲಿ ಗುಂಪುಹತ್ಯೆಗಳನ್ನು ಖಂಡಿಸಿ ‘ನಾಟ್ ಇನ್ ಮೈ ನೇಮ್’ ಎಂಬ ಫಲಕ ಹಿಡಿದು ನಿಂತಿದ್ದೂ ಇಲ್ಲೇ.

2019ರ ಡಿಸೆಂಬರ್ 19ರಂದು ಇತಿಹಾಸಕಾರ ರಾಮಚಂದ್ರ ಗುಹಾ ಗಾಂಧಿ ಚಿತ್ರ ಹಿಡಿದು ಇದೇ ಜಾಗದಲ್ಲಿ ಪತ್ರಕರ್ತರೊಡನೆ ಮಾತಾಡುತ್ತಿದ್ದಾಗ ಪೊಲೀಸರು ತೋಳು ಹಿಡಿದು ಕರೆದೊಯ್ದರು. ಐತಿಹಾಸಿಕ ಕಟ್ಟಡದ ಮುಂದೆ ಇತಿಹಾಸಕಾರ ನಿಂತರೆ ಅನುಮಾನ ಬರುವುದು ಸಹಜವೇ. ಎರಡು ತಿಂಗಳ ಮೇಲೆ ಹೈಕೋರ್ಟು, ಅಂದು ಜನ ಸೇರದಂತೆ ಹೊರಡಿಸಿದ್ದ ನಿಷೇಧಾಜ್ಞೆಯೇ ಕಾನೂನುಬಾಹಿರ ಎಂದಿತು. ಅಷ್ಟರಲ್ಲಿ ಅದರ ಕೆಲಸ ಮುಗಿದು, ಅದೂ ಆರಾಮಾಗಿ ಮನೆ ಸೇರಿತ್ತು.

ಕಡೆಗೆ 2021ರಲ್ಲಿ ಪರಿಹಾರ ಸಿಕ್ಕಿತು. ಪ್ರತಿಭಟನೆಗಳಿಂದ ಸಂಚಾರ ಕೆಡುತ್ತದೆ ಎಂಬ ಪ್ರಶ್ನೆ ಹೈಕೋರ್ಟಿನ ಮುಂದೆ ಬಂದು, ಸರ್ಕಾರ ಆದೇಶ ಹೊರಡಿಸಿತು: ಊರಲ್ಲಿ ಯಾರಿಗೆ ಏನೇ ಸಿಟ್ಟಿದ್ದರೂ ಫ್ರೀಡಂ ಪಾರ್ಕಿಗೆ ಬಂದು ತೀರಿಸಿಕೊಳ್ಳತಕ್ಕದ್ದು. ಆದೇಶ ಮಾಡಿದ ಪಕ್ಷ ಹೋಯಿತು, ಅದನ್ನು ಬೈದ ಪಕ್ಷ ಬಂತು. ಆದೇಶ ಮಾತ್ರ ಪಕ್ಷಾಂತರ ಮಾಡದೆ ಇದ್ದಲ್ಲೇ ಇದೆ. ಟೌನ್‌ಹಾಲಿನ ಮುಂದಿನ ಜೆ.ಸಿ. ರಸ್ತೆ ಅಂದಿನಿಂದ ಸರಾಗವಾಗಿ ಹರಿಯುತ್ತಿದೆ ಎಂದು ನಂಬಲು ಅಡ್ಡಿಯಿಲ್ಲ, ಆ ರಸ್ತೆಗೆ ಹೋಗದಿದ್ದರೆ.

ಫ್ರೀಡಂ ಪಾರ್ಕಿನ ವಾಸ್ತುಶಿಲ್ಪವನ್ನು ಮೆಚ್ಚಲೇಬೇಕು. 2008ರಲ್ಲಿ ಉದ್ಯಾನವಾಗುವ ಮುಂಚೆ ಅದು ಬ್ರಿಟಿಷರ ಕಾಲದ ಸೆಂಟ್ರಲ್ ಜೈಲು. ಸುತ್ತ ಎತ್ತರದ ಗೋಡೆ, ನಡುವೆ ಕಾವಲು ಗೋಪುರ. ಎರಡನ್ನೂ ಪರಂಪರೆಯೆಂದು ಉಳಿಸಿಕೊಂಡಿದ್ದಾರೆ. ಮಾತಾಡುವವರೆಲ್ಲ ಒಂದೇ ಕಡೆ, ನೋಡಿಕೊಳ್ಳುವವರಿಗೂ ಅನುಕೂಲ, ದಾರಿಹೋಕರ ಕಿವಿಗೂ ಕ್ಷೇಮ. 1975ರಲ್ಲಿ ಪಕ್ಷಾಂತರ ತಡೆಯುವ ಮಸೂದೆಯ ಸಮಿತಿಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಕೂಡಿಹಾಕಿದ್ದು ಈ ಜೈಲಿನಲ್ಲೇ. (ಮುಂದೆ ಇದೇ ರಾಜ್ಯ ಪಕ್ಷಾಂತರಕ್ಕೆ ‘ಆಪರೇಷನ್’ ಎಂದು ನಾಮಕರಣ ಮಾಡಿ ರೆಸಾರ್ಟು ಉದ್ಯಮವನ್ನು ಬೆಳೆಸಿತು.) ಆಗ ಮಾತಾಡಿದರೆ ಆ ಗೋಡೆಯ ಒಳಕ್ಕೆ ಹಾಕುತ್ತಿದ್ದರು. ಈಗ ಮಾತಾಡಬೇಕಿದ್ದರೆ ನಾವೇ ಒಳಗೆ ಹೋಗುತ್ತೇವೆ, ಮುಂಚಿತವಾಗಿ ಅನುಮತಿ ಪಡೆದು. ಇದಕ್ಕಿಂತ ಪ್ರಗತಿ ಬೇಕೆ?

ಇತ್ತ ಟೌನ್‌ಹಾಲಿನ ನೆರೆಯಲ್ಲೇ, ಎನ್.ಆರ್. ಚೌಕದಲ್ಲಿ, ಅಂದಿನ ಪಾಲಿಕೆಯ ಕೇಂದ್ರ ಕಚೇರಿ. ಮುಂದೆ ಊರು ಕಟ್ಟಿದ ಕೆಂಪೇಗೌಡರ ಪ್ರತಿಮೆ. ಒಳಗಿನ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದಾಚೆ ವರ್ಷಗಟ್ಟಲೆ ಅಲ್ಲಿ ಕೌನ್ಸಿಲ್ ಸಭೆಯ ಗದ್ದಲವಿಲ್ಲ, ಮೇಯರ್ ಇಲ್ಲ, ಅಧಿಕಾರಿಗಳದೇ ದರ್ಬಾರು. ಒಂದೇ ಚೌಕದಲ್ಲಿ ಎರಡು ಕಟ್ಟಡ: ಒಂದರ ಒಳಗೆ ಜನಪ್ರತಿನಿಧಿಗಳಿಲ್ಲ, ಇನ್ನೊಂದರ ಹೊರಗೆ ಜನರಿಲ್ಲ. ಸಮರೂಪತೆ ಎಂದರೆ ಗ್ರೀಕರಿಗೆ ಪ್ರಾಣ. ಎಂಬತ್ತೈದು ವರ್ಷ ಕಾದಾದರೂ ನಾವು ಆ ಶೈಲಿಯನ್ನು ಪೂರ್ಣಗೊಳಿಸಿದೆವು.

2025ರಲ್ಲಿ ಒಂದು ಪಾಲಿಕೆಯನ್ನು ಒಡೆದು ಐದು ಮಾಡಿದರು. ಐದಕ್ಕೂ ಕಟ್ಟಡ ಬೇಕು, ಕಟ್ಟಡಕ್ಕೆ ಟೆಂಡರ್ ಬೇಕು, ಟೆಂಡರಿಗೆ ಷರತ್ತು ಬೇಕು. ಎಂಜಿನಿಯರ್ ಸಾಹೇಬರಲ್ಲಿ ವಿನಂತಿ: ಕಂಬ ಎಷ್ಟು ಬೇಕಾದರೂ ಇರಲಿ, ಗೋಪುರ ಇರಲಿ, ಗ್ರಾನೈಟ್ ಇಟಲಿಯಿಂದಲೇ ಬರಲಿ. ಮೆಟ್ಟಿಲು ಮಾತ್ರ ಮೂರಕ್ಕೆ ನಿಲ್ಲಿಸಿ. ನಾಲ್ಕನೆಯದು ಹಾಕಿದಿರೋ, ಯಾರಾದರೂ ಬಂದು ಅದರ ಮೇಲೆ ಕೂರುತ್ತಾರೆ.