ಹಾಲಿನ ಡಿಗ್ರಿಯ ವೈನು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾರ ಮನೆಯಲ್ಲೂ ವೈನ್ ಇರುವುದಿಲ್ಲ. ಅಟ್ಟದ ಮೇಲಿನ ಭರಣಿಯಲ್ಲಿರುವುದು ಅನಾನಸ್ಸಿನ ‘ರಸ’, ಅಜೀರ್ಣಕ್ಕೆ ಒಳ್ಳೆಯದು. 1965ರ ಅಬಕಾರಿ ಕಾಯ್ದೆಯ ಹೆದರಿಕೆಯೋ ಅಜ್ಜನ ಹೆದರಿಕೆಯೋ, ನೆಂಟರಿಗೆ ಕೊಡುವುದೂ ಔಷಧಿ ಲೋಟದಲ್ಲೇ. ಸಾರಿಗೇ ಬೆಲ್ಲ ಹಾಕುವವರು ನಾವು, ಔಷಧಿಯನ್ನು ಸಪ್ಪೆ ಬಿಡುತ್ತೇವೆಯೇ?

ಹಣ್ಣು ಒಂದು ಕೆಜಿ, ಸಕ್ಕರೆ ಒಂದು ಕೆಜಿ, ಕಾಯಿಸಿ ಆರಿಸಿದ ನೀರು ಎರಡು ಲೀಟರು, ಹಿಡಿ ಗೋಧಿ, ಚಿಟಿಕೆ ಬೇಕರಿ ಈಸ್ಟು. ಈಸ್ಟಿನ ಪಾಲಿಗೆ ಇದು ಮದುವೆಮನೆ ಊಟ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿಂದರೆ ಶೇ. 1ರಷ್ಟು ಆಲ್ಕೋಹಾಲು ಹುಟ್ಟುತ್ತದೆ. ನಾವು ಬಡಿಸಿದ್ದೋ 300 ಗ್ರಾಂಗೂ ಮೇಲೆ. ಅಷ್ಟೂ ಖಾಲಿಯಾಗಬೇಕಾದರೆ ಶೇ. 18 ಮುಟ್ಟಬೇಕು. ಬಡಪಾಯಿ ಬೇಕರಿ ಈಸ್ಟು 12–13ರ ಹೊತ್ತಿಗೆ, ತಾನೇ ಮಾಡಿದ ಆಲ್ಕೋಹಾಲಿನಲ್ಲಿ ತಾನೇ ಸುಸ್ತಾಗಿ, ಎಲೆ ಮಡಚಿ ಏಳುತ್ತದೆ. ಎಲೆಯಲ್ಲಿ ಬಿಟ್ಟೆದ್ದದ್ದೇ ನಮ್ಮ ಸಿಹಿ.

ಹೊಸನಗರದ ಭಾವನಿಗೆ ಎಲ್ಲಕ್ಕೂ ಅಳತೆ ಬೇಕು. ಹೈಡ್ರೋಮೀಟರ್ ಇಲ್ಲದಿದ್ದರೇನಂತೆ, ಹಾಲಿನ ಲ್ಯಾಕ್ಟೋಮೀಟರ್ ಇದೆಯಲ್ಲ! ನಮ್ಮ ರಸಕ್ಕೆ ಇಳಿಬಿಟ್ಟ. 28ಕ್ಕೆ ನಿಂತಿತು. “ನೀರು ಬೆರೆಸಿಲ್ಲ ಮಾರಾಯ, ಡೈರಿಗೆ ಹಾಕಬಹುದು” ಎಂದ.

ತೀರ್ಥಹಳ್ಳಿಯ ಗೆಳೆಯ ಬೆಂಗಳೂರು ಕಂಡು ಬಂದವನು. ಅರ್ಧ ಕೆಜಿ ಸಕ್ಕರೆಯಲ್ಲೇ ಮುಗಿಸಿದ್ದ. ಅವನದಕ್ಕೆ ಇಳಿಬಿಟ್ಟ ಲ್ಯಾಕ್ಟೋಮೀಟರ್ ಸೀದಾ ತಳಕ್ಕೆ ಹೋಗಿ ಟಣ್ ಎಂದಿತು. ಸಕ್ಕರೆ ಪೂರಾ ತೀರಿದ ಡ್ರೈ ವೈನು ನೀರಿಗಿಂತಲೂ ಹಗುರ. ಕುಡಿದರೆ ಮೂಗಿಗೆ ಅನಾನಸ್ ಹಣ್ಣು, ನಾಲಿಗೆಗೆ ಅದರ ಸಿಪ್ಪೆ. ನನಗೇನೋ ಹಿಡಿಸಿತು, ಹುರಿದ ಗೋಡಂಬಿ ಪಕ್ಕದಲ್ಲಿದ್ದರೆ ಸಿಹಿಯ ನೆನಪೇ ಆಗುವುದಿಲ್ಲ.

ಸಾಗರದ ಅತ್ತೆ ಮಾತ್ರ ಒಂದು ಗುಟುಕಿಗೇ ಮುಖ ಕಿವುಚಿದರು. “ಇದಕ್ಕೆ ಏನೂ ಹಾಕಿಯೇ ಇಲ್ಲವಲ್ಲೋ!” ಎಂದು ಮರುಗಿ, ಆಲೆಮನೆಯಿಂದ ತಂದಿಟ್ಟ ಜೋನಿಬೆಲ್ಲವನ್ನು ಧಾರಾಳವಾಗಿ ಬಾಟಲಿಗೆ ಸುರಿದು, ಕಾರ್ಕು ಜಡಿದು ಕಪಾಟಿನಲ್ಲಿಟ್ಟರು. ಅರ್ಧ ಸಕ್ಕರೆಯ ಭರಣಿಯಲ್ಲಿ ಈಸ್ಟು ಸತ್ತಿರಲಿಲ್ಲ, ತಿನ್ನಲು ಗತಿಯಿಲ್ಲದೆ ಸುಮ್ಮನಿತ್ತು ಅಷ್ಟೆ. ಎರಡನೇ ಪಂಕ್ತಿ ಶುರುವಾಗಿ ಗ್ಯಾಸು ತುಂಬಿಕೊಳ್ಳುತ್ತದೆ ಎಂದರೆ ಅತ್ತೆ ಕೇಳಬೇಕಲ್ಲ. ಕಪಾಟಿನ ಎದುರಿನ ಕುರ್ಚಿಯನ್ನು ಈಗ ದೂರದ ನೆಂಟರಿಗೆ ಮೀಸಲಿಟ್ಟಿದ್ದೇವೆ.