ಫರಕ್ ಕಾಕಾ

ಯಮನೂರು ಉರುಸಿಗೆ ಹೋದವರು ಆಟಿಗೆ ಸಾಮಾನಿನ ಅಂಗಡಿ ಕಡೆ ಒಮ್ಮೆ ಕಣ್ಣು ಹಾಯಿಸಿ. ಹುಡುಗರನ್ನೆಲ್ಲ ಹಿಂದೆ ಸರಿಸಿ ಧೋತರದ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರೆ ಅವರೇ ಫರಕ್ ಕಾಕಾ. ಹೆಗಲ ಮೇಲೆ ಟಾವೆಲ್, ಎರಡೂ ಕೈಯಲ್ಲಿ ಒಂದೊಂದು ಕಾರು. ಮಡಚಿದರೆ ಕಾರು, ಬಿಚ್ಚಿದರೆ ರೋಬೋ. ಪಕ್ಕದಲ್ಲಿ ನಿಂತ ಮೊಮ್ಮಗ ಬೆಂಡು ಬೆತ್ತಾಸು ತಿಂದು ಮುಗಿಸಿದ್ದಾನೆ. ಅಜ್ಜನ ತಪಾಸಣೆ ಇನ್ನೂ ಬಾನೆಟ್ ದಾಟಿಲ್ಲ.

ಇಂಥವರು ನವಲಗುಂದ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಎತ್ತು ನೋಡಿ ನೋಡಿ ಪಳಗಿದ ಕಣ್ಣು ಅದು. ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾಯಿತು, ಕಣ್ಣಿಗೆ ಮಾತ್ರ ಸುಮ್ಮನೆ ಕೂತು ಗೊತ್ತಿಲ್ಲ. ಹಲ್ಲು, ಸುಳಿ, ಕೋಡು ನೋಡುತ್ತಿದ್ದದ್ದು ಈಗ ಗಾಲಿ, ಸ್ಟಿಕ್ಕರು, ಸ್ಕ್ರೂ ನೋಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಗೆ ಹೋದರೂ ಜೋಡಿಯ ಹಿಣಿಲು ಸರಿಸಮ ಕಂಡ ಮೇಲೆಯೇ ಕಾಕಾ ಕಿಸೆಗೆ ಕೈ ಹಾಕುವುದು. ಕಲಘಟಗಿಗೆ ಬಣ್ಣದ ತೊಟ್ಟಿಲು ತರಲು ಹೋದಾಗ ಚಿತ್ರಕ್ಕೆ ಚಿತ್ರ ಹೋಲಿಸುತ್ತಾ ಬೀಗರನ್ನು ಮಧ್ಯಾಹ್ನದವರೆಗೆ ಬಿಸಿಲಿಗೆ ನಿಲ್ಲಿಸಿದ ಕೀರ್ತಿಯೂ ಅವರದೇ. ಉರುಸಿನಲ್ಲಿ ಸರದಿ ಆಟಿಗೆ ಅಂಗಡಿಯ ಹುಡುಗನದು.

"ತಮ್ಮಾ, ಈ ಹಳದೀದಕ್ಕೂ ಆ ಕೆಂಪದಕ್ಕೂ ಏನ ಫರಕ್?"

"ಏನಿಲ್ರಿ ಕಾಕಾ, ಎಲ್ಲಾ ಒಂದ ಅದಾವ. ಬಣ್ಣ ಅಷ್ಟ ಬ್ಯಾರೆ."

ಕಾಕಾಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. "ಬಣ್ಣ ಅಷ್ಟ? ಇಲ್ಲಿ ನೋಡು. ಹಳದೀದರ ಮುಂದಿನ ದೀಪಕ್ಕ ಬೆಳ್ಳಿ ಬಣ್ಣ ಹಚ್ಚ್ಯಾರ, ಕೆಂಪದಕ್ಕ ಬರೇ ತೆಗ್ಗು ಬಿಟ್ಟಾರ. ಕುರುಡದು! ಹಳದೀದರ ಬಾಗಲಾ ತಗದ್ರ ರೆಕ್ಕಿ ಆಗ್ತಾವ ಖರೆ, ಎಡಗೈ ಜೋತು ಬೀಳತೈತಿ. ನೀಲೀದರ ಹೊಟ್ಟಿ ಕೆಳಗ ನಾಕ ಸ್ಕ್ರೂ ಇರಬೇಕು, ಮೂರ ಅದಾವ. ಒಂದ ಅಂತೀಯಲ್ಲೋ!"

ಹುಬ್ಬಳ್ಳಿಯಲ್ಲಿ ಓದುವ ಅಳಿಯ ಒಮ್ಮೆ ಈ ಆಟಿಗೆಯ ವಂಶಾವಳಿ ಬಿಡಿಸಿ ಹೇಳಿದ್ದ. ಜಪಾನಿನ ಟಕಾರಾ ಕಂಪನಿಯ ಅಚ್ಚುಗಳನ್ನು ತಂದು ಅಮೆರಿಕದ ಹ್ಯಾಸ್‌ಬ್ರೋ 1984ರಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಎಂದು ಮಾರಿತಂತೆ. ಒಂದೇ ಡ್ಯಾಟ್ಸನ್ ಕಾರಿನ ಅಚ್ಚಿನಲ್ಲಿ ಮೂವರು ವೀರರು: ಕಪ್ಪು ಬಿಳುಪಿನ ಪೊಲೀಸ್ ಗಾಡಿ ಪ್ರೌಲ್, ನೆತ್ತಿಯ ಮೇಲೆ ದೀಪ; ಬೆಳ್ಳಿ ಬಣ್ಣದ ಬ್ಲೂಸ್ಟ್ರೀಕ್; ಮರುವರ್ಷ ಕೆಂಪು ನೀಲಿಯ ಸ್ಮೋಕ್‌ಸ್ಕ್ರೀನ್, ಮೈಮೇಲೆ 38 ನಂಬರು. ಕಾಕಾ ತಲೆದೂಗಿದರು: "ಅಂದ್ರ ಮೂರೂ ಒಂದ ಆಕಳ ಕರ." ಹಳದಿ ಬಂಬಲ್‌ಬೀ ಮೊದಲು ಗುಂಡಗಿನ ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದ, 2007ರ ಸಿನಿಮಾದಲ್ಲಿ ಷೆವ್ರೊಲೆ ಕಮಾರೊ ಆದ ಎಂದಾಗ ಮಾತ್ರ ಅವರ ಮುಖ ಬಾಡಿತು. "ತಳೀನ ಕೆಡಿಸ್ಯಾರಲ್ಲೋ."

"ಮಾಮಾ, ಜಾತ್ರ್ಯಾಗ ಬರೋವು ಕಂಪನಿವಲ್ಲ, ನಕಲಿ," ಎಂದ ಅಳಿಯ. ನಕಲಿಗೂ ನಕಲಿಗೂ ಫರಕ್ ಇರುತ್ತದೆ ಎಂಬುದನ್ನು ಆ ಹುಡುಗನಿಗೆ ಯಾವ ಕಾಲೇಜೂ ಕಲಿಸಿಲ್ಲ.

ಒಂದು ಕಡೆ ಮಾತ್ರ ಕಾಕಾ ಫರಕ್ ಹುಡುಕುವುದಿಲ್ಲ. ಯಮನೂರಿನ ಒಂದೇ ಗದ್ದುಗೆಯನ್ನು ಕೆಲವರು ಚಾಂಗದೇವರೆನ್ನುತ್ತಾರೆ, ಕೆಲವರು ರಾಜಾಬಾಗ್ ಸವಾರ್ ಎನ್ನುತ್ತಾರೆ. ಕಾಕಾ ಬೆಣ್ಣೆಹಳ್ಳದಲ್ಲಿ ಮುಳುಗೆದ್ದು, ಸಕ್ಕರೆ ಓದಿಸಿ, ಕೈಮುಗಿದು ಬರುತ್ತಾರೆ. ಪ್ರಶ್ನೆಗಳೆಲ್ಲ ಪ್ಲಾಸ್ಟಿಕ್ಕಿಗೇ ಮೀಸಲು.

ಕಡೆಗೂ ಹಳದಿ ಕಾರು ಪಾಸಾಯಿತು. ಕಾಕಾ ಸುತ್ತಲೂ ನೋಡಿ, ಹೆಗಲ ಟಾವೆಲ್ ಇಳಿಸಿ, ಅದರಡಿ ಅಂಗಡಿಯವನ ಕೈ ಹಿಡಿದು ಬೆರಳು ಅದುಮಿದರು. ಎತ್ತಿನ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ, ಪಕ್ಕದವನಿಗೂ ರೇಟು ತಿಳಿಯಬಾರದು. ಪಾಪದ ಹುಡುಗ ಆಶೀರ್ವಾದವೆಂದು ತಿಳಿದು ತಲೆಬಾಗಿದ.

"ನೂರಾ ಇಪ್ಪತ್ರಿ ಕಾಕಾ," ಎಂದ ಗಟ್ಟಿಯಾಗಿ, ಇಡೀ ಸಾಲಿಗೆ ಕೇಳುವಂತೆ. ಗುಟ್ಟು ರಟ್ಟಾದ ಮೇಲೆ ವ್ಯಾಪಾರವೆಲ್ಲಿ? ಕಾಕಾ ಎದ್ದರು. ಮೊಮ್ಮಗ ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಹತ್ತು ರೂಪಾಯಿಯ ಪೀಪಿ ಕೊಂಡು ಊದುತ್ತಿದ್ದ. ಅಜ್ಜ ಅದನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು. "ಇದರಾಗ ಹಸರಂದು ಇತ್ತೇನೋ?"

ಮುಂದಿನ ಉರುಸಿಗೆ ಮಕ್ಕಳಿಗೆ ಕಾರು ಕೊಡಿಸುವವರಿದ್ದರೆ ಒಂದು ಮಾತು: ಅಂಗಡಿ ಮುಂದೆ ಹೆಗಲ ಮೇಲೆ ಟಾವೆಲ್ ಕಂಡರೆ ಅಲ್ಲಿ ನಿಲ್ಲಬೇಡಿ. ಮೊದಲು ಗಿರ್ಮಿಟ್, ಮಿರ್ಚಿ ತಿಂದು, ಚಹಾ ಕುಡಿದು ಬನ್ನಿ. ಆಗಲೂ ಕಾಕಾ ಅಲ್ಲೇ ಇರುತ್ತಾರೆ.